ಸುಡುಮರಳಿನಲ್ಲಿ ಹೆಣ್ಣು ನೋಡುವ ಶಾಸ್ತ್ರ

ಎಲ್ಲಕ್ಕೂ ಕಾರಣ ಕೇಶವಮೂರ್ತಿಯವರ ಒಂದು ಫೋನು. "ಭಾನುವಾರ ನಾವು ಮನೆಯೋರು ಮೂವರೂ ಬೆತಲ್ಸ್ ಬೀಚ್ ಕಡೆ ಹೋಗ್ತಿದೀವಿ ಕಣಪ್ಪ. ಮರಳುಗಾಡು ದಾಟಿದ್ರೆ ಈಜೋಕೆ ಒಳ್ಳೇ ಕೆರೆ ಇದೆಯಂತೆ. ನೀನೂ ಬಾ. ಹಾಗೇ ಒಂದು ವಿಷಯ ಮಾತಾಡೋದಿದೆ" ಎಂದಿದ್ದರು.

ಆ 'ಒಂದು ವಿಷಯ' ಮುರಳಿಯ ನಿದ್ದೆ ಕೆಡಿಸಿತು. ಪರದೇಶಕ್ಕೆ ಬಂದು ಪುಕೆಕೊಹೆ ಎಂಬ ಊರಿನ ಈರುಳ್ಳಿ ಮೂಟೆ ಕಟ್ಟುವ ಪ್ಯಾಕ್‌ಹೌಸಿನಲ್ಲಿ ಸೂಪರ್‌ವೈಸರ್ ಆಗಿದ್ದ ಅವನು, ಕೇಶವಮೂರ್ತಿಯವರ ಒಬ್ಬಳೇ ಮಗಳು ಅನುರಾಧಾಳನ್ನು ಯುಗಾದಿ ಊಟದಲ್ಲಿ ನೋಡಿದಂದಿನಿಂದ, ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿಬಿಟ್ಟಿದ್ದ. ಈ ತೀರ್ಮಾನ ಅವನ ಫ್ಲ್ಯಾಟ್‌ಮೇಟ್ ಯಾಹ್ಯಾನಿಗೆ ಗೊತ್ತಿತ್ತು. ಅನುರಾಧಾಳಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

"ಇದು ಹೆಣ್ಣು ತೋರಿಸೋ ಶಾಸ್ತ್ರಾನೇ ಗುರು," ಯಾಹ್ಯಾ ತೀರ್ಪು ಕೊಟ್ಟ. "ಹೆಣ್ಣು ಹೆತ್ತವರು ಸುಮ್ಸುಮ್ನೆ ಯಾಕೆ ಕರೀತಾರೆ? ನಾನೂ ಬರ್ತೀನಿ. ಗಂಡಿನ ಕಡೆಯೋರು ಅಂತ ಒಬ್ರಾದ್ರೂ ಬೇಕಲ್ವಾ."

ಭಾನುವಾರ ಮುರಳಿ ಈರುಳ್ಳಿ ವಾಸನೆ ಹೋಗಲೆಂದು ಮೈಗೆಲ್ಲ ನಿಂಬೆಹಣ್ಣು ತಿಕ್ಕಿಕೊಂಡು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಪಾಲಿಷ್ ಮಾಡಿದ ಬೂಟು ಹಾಕಿಕೊಂಡು ಹೊರಟ. ಯಾಹ್ಯಾ ಚಡ್ಡಿ, ಹವಾಯಿ ಚಪ್ಪಲಿಯಲ್ಲಿದ್ದ. ಗಂಡಿನ ಕಡೆಯವರೆಂದರೆ ಯಾರೂ ನಂಬುವಂತಿರಲಿಲ್ಲ.

ಕೇಶವಮೂರ್ತಿಯವರ ಕಾರಿನಲ್ಲಿ ಅನುರಾಧಾ ಮೊಬೈಲಿನಲ್ಲಿ ಮೆಸೇಜು ಕುಟ್ಟುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ತನ್ನ ವಿಷಯವನ್ನೇ ಗೆಳತಿಗೆ ಬರೆಯುತ್ತಿರಬೇಕು ಎಂದುಕೊಂಡ ಮುರಳಿಗೆ ಕಿವಿ ಬಿಸಿಯಾಯಿತು.

ಕಾರು ನಿಲ್ಲಿಸಿ ನಡೆದ ದಾರಿಯಲ್ಲಿ ಮೊದಲು ಸಿಕ್ಕಿದ್ದು ಸಣ್ಣ ಹಳ್ಳ. ಅನುರಾಧಾಳ ತಾಯಿ ಜಯಮ್ಮ ತಮ್ಮ ಬೂಟು ಬಿಚ್ಚಿ ದಡದಲ್ಲಿ ದೇವಸ್ಥಾನದ ಬಾಗಿಲಲ್ಲಿ ಬಿಡುವಂತೆ ಒಪ್ಪವಾಗಿ ಇಟ್ಟರು. "ಎಲ್ಲಾ ಇಲ್ಲೇ ಬಿಡಿ. ವಾಪಸ್ ಬರುವಾಗ ಹಾಕ್ಕೊಳ್ಳೋಣ. ಮರಳು ಮೆತ್ತಗಿರತ್ತೆ."

"ಕರೀ ಮರಳು ಆಂಟಿ, ಬಿಸಿಲು ಬಂದ್ರೆ ಕಾದ ಹೆಂಚು," ಎಂದ ಯಾಹ್ಯಾ.

"ಎಲ್ಲಪ್ಪಾ ಬಿಸಿಲು? ಮೋಡ ಹಾಕಿದೆ."

ಕೇಶವಮೂರ್ತಿ ಹೆಂಡತಿಯ ಮಾತು ಮೀರುವವರಲ್ಲ. ಅವರ ಬೂಟು ಪಕ್ಕದಲ್ಲಿ ಕೂತಿತು. ಅನುರಾಧಾ ತನ್ನ ಚಪ್ಪಲಿಯನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು. ಮುರಳಿ ಒಂದು ಕ್ಷಣ ಯೋಚಿಸಿದ. ಭಾವೀ ಅತ್ತೆಯ ಮೊದಲ ಮಾತನ್ನೇ ತೆಗೆದುಹಾಕುವುದೆ? "ಆಂಟಿ ಹೇಳೋದೇ ಸರಿ" ಎಂದು ಬೂಟು ಬಿಚ್ಚಿದ. ಪುಳಿಯೋಗರೆ, ಮೊಸರನ್ನದ ಸ್ಟೀಲ್ ಡಬ್ಬಿಗಳನ್ನೂ ತಾನೇ ಹೊತ್ತ.

ಹಳ್ಳ ದಾಟಿದರೆ ಎದುರಿಗೆ ಕರಿ ಮರಳಿನ ಗುಡ್ಡಗಳು. ಹತ್ತುತ್ತ ಕೇಶವಮೂರ್ತಿ ವಿಚಾರಣೆ ಶುರುಮಾಡಿದರು.

"ಸಿಗರೇಟು, ಗಿಗರೇಟು?"

"ಛೆ ಛೆ, ವಾಸನೆನೂ ಆಗಲ್ಲ ಅಂಕಲ್."

"ಈ ದೇಶದಲ್ಲೇ ಇರ್ತೀಯೋ, ಬಿಟ್ಟು ಹೋಗ್ತೀಯೋ?"

"ಇಲ್ಲೇ ಅಂಕಲ್. ನಿಮ್ಮ ಮನೆ ಹತ್ರಾನೇ."

ಕೇಶವಮೂರ್ತಿ ಹೆಂಡತಿಯ ಮುಖ ನೋಡಿ ತಲೆದೂಗಿದರು. ಹಿಂದಿನಿಂದ ಯಾಹ್ಯಾ "ಪಾಸ್" ಎಂದು ಪಿಸುಗುಟ್ಟಿದ. ಮುರಳಿ ಮನಸ್ಸಿನಲ್ಲೇ ಲಗ್ನಪತ್ರಿಕೆ ಅಚ್ಚು ಹಾಕಿಸಲು ಕೊಟ್ಟ.

ಅಷ್ಟರಲ್ಲಿ ಮೋಡ ಸರಿಯಿತು. ಮರಳುಗಾಡಿನ ನಡುವೆ ಬರುವ ಹೊತ್ತಿಗೆ ಜಯಮ್ಮ ಒಂದು ಕಾಲು ಎತ್ತಿದರು, ಆಮೇಲೆ ಇನ್ನೊಂದು ಕಾಲು. ನೋಡುವವರಿಗೆ ಕುಣಿತದಂತೆ ಕಾಣುತ್ತಿತ್ತು. "ಅಯ್ಯಯ್ಯೋ, ಸುಡ್ತಿದೆ ರೀ!"

ಕೇಶವಮೂರ್ತಿ ಆಗಲೇ ಟವಲು ಹಾಸಿ ಅದರ ಮೇಲೆ ನಿಂತಿದ್ದರು. "ಓಡು ಜಯಾ, ಓಡು!" ಎಂದು ಅಲ್ಲಿಂದಲೇ ಸಲಹೆ ಕೊಟ್ಟರು.

ಮುರಳಿಯ ಅಂಗಾಲೂ ಬಾಣಲೆಯಲ್ಲಿದ್ದಂತಿತ್ತು. ಆದರೆ ಬದುಕಿನಲ್ಲಿ ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು. ಡಬ್ಬಿಗಳನ್ನು ಯಾಹ್ಯಾನ ಕೈಗೆ ತುರುಕಿ, "ಹತ್ತಿ ಆಂಟಿ" ಎಂದು ಬೆನ್ನು ಬಗ್ಗಿಸಿದ. ಜಯಮ್ಮನವರದು ಅನುಕೂಲಸ್ಥ ಮೈಕಟ್ಟು. ಅವರನ್ನು ಉಪ್ಪುಮೂಟೆ ಹೊತ್ತು ಮುರಳಿ "ಅಮ್ಮಾ, ಅಪ್ಪಾ" ಎನ್ನುತ್ತ ದಿಬ್ಬದ ತುದಿಯವರೆಗೆ ಓಡಿದ. ತುದಿಯ ಆಚೆ ಕಡಿದಾದ ಇಳಿಜಾರು, ಇಳಿಜಾರಿನ ಬುಡದಲ್ಲೇ ಕೆರೆ. ಓಟ ಶುರುಮಾಡುವುದು ಮುರಳಿಯ ಕೈಯಲ್ಲಿತ್ತು, ನಿಲ್ಲಿಸುವುದು ಇರಲಿಲ್ಲ. ಇಬ್ಬರೂ ಧಡಾರನೆ ನೀರಿಗೆ ಬಿದ್ದರು.

ಮುರಳಿಗೆ ಈಜು ಬರುತ್ತಿರಲಿಲ್ಲ. ಜಯಮ್ಮ ಮಂಡ್ಯದ ನಾಲೆಯಲ್ಲಿ ಈಜಿ ಬೆಳೆದವರು. ಅವನ ಕಾಲರು ಹಿಡಿದು ಒದ್ದೆ ಬಟ್ಟೆ ಎಳೆದಂತೆ ದಡಕ್ಕೆ ಎಳೆದು ತಂದರು. ಬಿಳಿ ಪ್ಯಾಂಟು ಪಾತ್ರೆ ತಿಕ್ಕುವ ಬಟ್ಟೆಯಾಗಿತ್ತು.

ಕೇಶವಮೂರ್ತಿ ಎರಡು ಟವಲುಗಳನ್ನು ಒಂದಾದ ಮೇಲೊಂದು ಹಾಸಿಕೊಳ್ಳುತ್ತ ಇಳಿದು ಬರುವಷ್ಟರಲ್ಲಿ ಜಯಮ್ಮನ ಕಣ್ಣು ತುಂಬಿತ್ತು. "ಹೆತ್ತ ಮಗನೂ ಹೀಗೆ ಹೊರಲ್ಲ ರೀ. ನೋಡಿ, ಇವನ ಪಾದದಲ್ಲಿ ಹೆಂಗೆ ಬೊಬ್ಬೆ ಬಂದಿದೆ. ಇನ್ನು ಯೋಚನೆ ಮಾಡೋದು ಬೇಡ, ಕೇಳಿಬಿಡಿ."

ಕೇಶವಮೂರ್ತಿ ಗಂಟಲು ಸರಿಮಾಡಿಕೊಂಡರು. "ಮುರಳಿ, ಇದೇ ವಿಷಯಕ್ಕೇ ನಿನ್ನ ಕರೆದಿದ್ದು. ನೀನು ಇಲ್ಲ ಅನ್ನಬಾರದು..."

"ಒಪ್ಪಿಗೆ ಅಂಕಲ್!" ಮುರಳಿ ನೀರು ಕಕ್ಕುತ್ತಲೇ ಕೂಗಿದ. "ಪೂರ್ತಿ ಒಪ್ಪಿಗೆ!"

"ಕೇಳೋಕ್ ಮುಂಚೇನೇ ಒಪ್ಪಿಬಿಟ್ಟ, ನೋಡು ಸಂಸ್ಕಾರ!" ಕೇಶವಮೂರ್ತಿ ಅವನನ್ನು ಒದ್ದೆ ಮೈಯಲ್ಲೇ ತಬ್ಬಿಕೊಂಡರು. "ನಮ್ಮ ಅನುಗೆ ವೆಲ್ಲಿಂಗ್ಟನ್ ಹುಡುಗನ ಜೊತೆ ಮದುವೆ ಗೊತ್ತಾಗಿದೆ ಕಣಪ್ಪ. ವಾಸುದೇವ್ ಅಂತ. ಹೋಮದಲ್ಲಿ ಹುಡುಗಿ ಕೈಗೆ ಅರಳು ಹಾಕೋಕೆ ಒಡಹುಟ್ಟಿದೋನು ಬೇಕು. ಅವಳಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಒಳ್ಳೇ ಹುಡುಗ ಯಾರಾದ್ರೂ ಸಿಗ್ತಾರಾ ಅಂತ ಹುಡುಕ್ತಿದ್ವಿ."

ಯಾಹ್ಯಾ ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದು ಅದರೊಳಗೆ ಮುಖ ಬಚ್ಚಿಟ್ಟುಕೊಂಡ. ಅವನ ಭುಜ ಕುಲುಕುತ್ತಿತ್ತು. ಮುರಳಿಗೆ ಅಂಗಾಲಿನ ಉರಿ ಮರೆತೇ ಹೋಯಿತು.

"ಥ್ಯಾಂಕ್ಸ್ ಅಣ್ಣಾ," ಎಂದಳು ಅನುರಾಧಾ. ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು.

"ನಾಳೆ ಸಂಜೆ ಹುಡುಗ ಫ್ಲೈಟಲ್ಲಿ ಬರ್ತಿದ್ದಾನೆ," ಜಯಮ್ಮ ಸೆರಗಿಲ್ಲದ್ದರಿಂದ ಚೂಡಿದಾರದ ಒದ್ದೆ ದುಪ್ಪಟ್ಟಾ ಹಿಂಡಿ ಅದರಿಂದಲೇ ಅವನ ತಲೆ ಒರೆಸುತ್ತ ಹೇಳಿದರು. "ಭಾವನ್ನ ಎದುರುಗೊಳ್ಳೋಕೆ ಏರ್‌ಪೋರ್ಟಿಗೆ ನೀನೇ ಹೋಗ್ಬೇಕು ಮಗಾ."

ಮುರಳಿ ಕೆರೆಯನ್ನೊಮ್ಮೆ ನೋಡಿದ, ಜಯಮ್ಮನನ್ನೊಮ್ಮೆ ನೋಡಿದ. ಮತ್ತೆ ಬಿದ್ದರೂ ಇವರು ಎಳೆದು ತರದೆ ಬಿಡುವುದಿಲ್ಲ ಎಂದು ಖಚಿತವಾಯಿತು.

"ಎಷ್ಟೊತ್ತಿಗೆ ಆಂಟಿ ಫ್ಲೈಟು?" ಎಂದು ಕೇಳಿದ.