ಬಾನಿನಲ್ಲಿ ಬಾಯಿ ಬಿಡಲು ಪರವಾನಗಿ

ಕಾಗದಪತ್ರದ ವಿಷಯದಲ್ಲಿ ನನ್ನ ಜಾತಕವೇ ಸರಿಯಿಲ್ಲ ಎಂದು ಕಾಣುತ್ತದೆ. ಬೇರೆಯವರಿಗೆ ಅಂಚೆಯಲ್ಲಿ ಸದ್ದಿಲ್ಲದೆ ಬರುವ ಕಾಗದ, ನನ್ನ ಮನೆಗೆ ಬರುವಾಗ ಮಾತ್ರ ಓಣಿಯನ್ನೆಲ್ಲ ಎಬ್ಬಿಸಿಕೊಂಡೇ ಬರುತ್ತದೆ. ಅದರಲ್ಲೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೋಳು ಹೊಯ್ದುಕೊಂಡದ್ದು ಅಂಗೈಯಗಲದ ಒಂದು ಪುಸ್ತಕ.

ನಾನು ಮಸ್ಕಿಯವನು. ಕಾಲುವೆಗೆ ನೀರು ಬಂದು ಸಿಂಧನೂರು ಸೀಮೆಯವರು ಭತ್ತ ಬೆಳೆಯಲು ಕಲಿತಿದ್ದ ಕಾಲ ಅದು. ಭತ್ತದ ಬೆನ್ನಿಗೆ ಹುಳ ಬಂತು. ಹುಳದ ಬೆನ್ನಿಗೆ ಔಷಧ ಸಿಂಪಡಿಸುವ ಸಣ್ಣ ವಿಮಾನಗಳು ಬಂದವು. ಹೈದರಾಬಾದಿನಲ್ಲಿ ವಿಮಾನ ಹಾರಿಸಲು ಕಲಿತಿದ್ದ ನನಗೆ ಅಂಥದೊಂದು ಕಂಪನಿಯಲ್ಲಿ ಕೆಲಸ ಸಿಗುವುದರಲ್ಲಿತ್ತು. ಆದರೆ ಪೈಲಟ್ ಆದವನಿಗೆ ಎರಡು ಲೈಸೆನ್ಸ್ ಬೇಕು. ಒಂದು ವಿಮಾನ ಹಾರಿಸಲು, ಇನ್ನೊಂದು ವಿಮಾನದ ರೇಡಿಯೋದಲ್ಲಿ ಕೆಳಗಿನವರ ಜೊತೆ ಮಾತಾಡಲು. ಹಾರಿಸುವ ಲೈಸೆನ್ಸ್ ಸುಸೂತ್ರವಾಗಿ ಕೈ ಸೇರಿತ್ತು. ಮಾತಾಡುವ ಲೈಸೆನ್ಸ್ ತರುವ ತನಕ ವಿಮಾನದ ಹತ್ತಿರ ಸುಳಿಯಬೇಡ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಇದನ್ನು ಕೇಳಿದ ಅವ್ವ, "ಮಾತಾಡಾಕ ಲೈಸನ್ಸ್ ಬೇಕಂತ? ಹಂಗಾದ್ರ ನಮ್ಮ ಓಣಿ ಓಣೀನ ಜೇಲಿಗೆ ಹಾಕಬೇಕಾಕ್ಕೈತಿ ಬಿಡು" ಅಂದಳು.

ತಂಬಿಗೆಯ ಮೈಕು

ರೇಡಿಯೋ ಪರೀಕ್ಷೆ ಅಂದರೆ ಹೀಗೆ: ಒಬ್ಬ ಅಧಿಕಾರಿ ಪರದೆಯ ಆ ಕಡೆ ಕೂತು ನೆಲದವನಾಗುತ್ತಾನೆ. ನಾವು ಈ ಕಡೆ ಕೂತು ಆಕಾಶದವರಾಗಬೇಕು. ಇಂಗ್ಲಿಷಿನಲ್ಲಿ ನಮ್ಮ ಮಾತು ಹೇಳಿ, ಮುಗಿಯಿತು ಎನ್ನಲು 'ಓವರ್' ಎಂದು ಸುಮ್ಮನಾಗಿ, ಅವನು ಹೇಳಿದ್ದನ್ನು ಕೇಳಿ, ಕೇಳಿದ್ದನ್ನೇ ತಪ್ಪಿಲ್ಲದೆ ತಿರುಗಿ ಒಪ್ಪಿಸಬೇಕು. ಎಲ್ಲಿಯೂ ತಡವರಿಸಬಾರದು. ನನಗೋ ಇಂಗ್ಲಿಷ್ ಅಂದರೆ ನಾಲಿಗೆ ಒಣಗುತ್ತಿತ್ತು. ಅದಕ್ಕೇ ಮಸ್ಕಿಯ ನಮ್ಮ ಮನೆಯ ಮಾಳಿಗೆ ಹತ್ತಿ ಹದಿನೈದು ದಿನ ಒಬ್ಬನೇ ಅಭ್ಯಾಸ ಮಾಡಿದೆ. ಮೈಕು ಎಲ್ಲಿಂದ ತರಬೇಕು? ಅವ್ವನ ಹಿತ್ತಾಳೆ ತಂಬಿಗೆ ಹಿಡಿದುಕೊಂಡೆ. ಅದರೊಳಗೆ ಮಾತಾಡಿದರೆ ದನಿ ಥೇಟು ರೇಡಿಯೋದ ಹಾಗೆಯೇ ಗುಂಯ್ಗುಡುತ್ತಿತ್ತು. ಮಾತಾಡುವಾಗ ಬಾಯಿಗೆ, ಕೇಳುವಾಗ ಕಿವಿಗೆ.

ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದ ದೊಡ್ಡಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ ತಡೆಯಲಾರದೆ ಅವ್ವನ ಹತ್ತಿರ ಹೋದಳು.

"ನಿನ್ನ ಮಗ ತಂಬಿಗಿ ಜೋಡಿ ಇಂಗ್ಲಿಷಿನ್ಯಾಗ ಮಾತಾಡಾಕತ್ತಾನ. ಅದು ಹಾಳಾಗಿ ಹೋಗ್ಲಿ. ತಂಬಿಗಿ ಹೇಳಿದ್ದಕ್ಕೆಲ್ಲಾ ಹೂಂ ಅನ್ನಾಕತ್ತಾನವ್ವಾ!"

ಇಬ್ಬರೂ ಮೆಲ್ಲಗೆ ಏಣಿ ಹತ್ತಿ ಬಂದರು. ದೊಡ್ಡಮ್ಮನ ಕೈಯಲ್ಲಿ ಬೇವಿನ ತೊಪ್ಪಲಿತ್ತು.

"ಯಾರ ಜೋಡಿ ಮಾತಾಡಾಕತ್ತೀಯಪ್ಪಾ?" ಅವ್ವ ಕೇಳಿದಳು.

"ಹೈದರಾಬಾದಿನ ವಿಮಾನ ನಿಲ್ದಾಣದ ಟವರ್ ಜೋಡಿ. ನಾ ಮ್ಯಾಲ ವಿಮಾನದಾಗ ಅದೀನಿ, ಇಳೀಲೇನು ಅಂತ ಕೇಳಾಕತ್ತೀನಿ."

"ಏನಂದ್ರು?"

"ಈಗ ಇಳೀಬ್ಯಾಡ, ಇನ್ನೊಂದೆರಡು ಸುತ್ತು ಹೊಡಿ ಅಂದ್ರು."

ಅವ್ವ ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡಳು. "ನಾ ಹೇಳಾಕತ್ತೀನಿ, ಇಳಿ. ರೊಟ್ಟಿ ಆರಾಕತ್ತಾವು."

ಹುಟ್ಟೇ ಇಲ್ಲದವನು

ಪರೀಕ್ಷೆಯಲ್ಲಿ ಪಾಸಾದೆ. ಆದರೆ ಲೈಸೆನ್ಸಿನ ಪುಸ್ತಕ ಕೈಗೆ ಕೊಡುವ ಮೊದಲು, ಇವನು ಎಂಥ ಮನುಷ್ಯ ಎಂದು ಪೊಲೀಸರಿಂದ ವಿಚಾರಿಸಬೇಕು ಎಂಬುದು ದಿಲ್ಲಿಯ ಕಚೇರಿಯ ಕಾನೂನು. ಆ ಪತ್ರ ಲಿಂಗಸುಗೂರಿನ ಠಾಣೆಗೆ ಹೋಯಿತು. ಅಲ್ಲಿಂದ ಒಬ್ಬ ಪೊಲೀಸಪ್ಪ ಮಸ್ಕಿಗೆ ಬಂದ. ನಾನು ಆ ದಿನ ಸಿಂಧನೂರಿಗೆ ಹೋಗಿದ್ದೆ.

ನಮ್ಮ ಓಣಿಯದು ನಿಜಾಮನ ಕಾಲದಿಂದ ಬಂದ ಒಂದು ಪದ್ಧತಿ. ಖಾಕಿ ತೊಟ್ಟವರು ಯಾರನ್ನೇ ಕೇಳಿದರೂ ಮೊದಲು ಇಲ್ಲ ಅನ್ನಬೇಕು, ಏನು ಎತ್ತ ಎಂದು ಆಮೇಲೆ ನಾವು ನಾವೇ ವಿಚಾರಿಸಿಕೊಳ್ಳಬೇಕು. ಪೊಲೀಸಪ್ಪ ನನ್ನ ಹೆಸರು ಹೇಳಿದ ಕೂಡಲೇ ಚಹಾದಂಗಡಿಯವನು, "ಅಂಥಾವ್ರು ಇಲ್ಲಿ ಯಾರೂ ಇಲ್ರಿ" ಎಂದ. ದರ್ಜಿ ಹೊಲಿಗೆ ಯಂತ್ರವನ್ನೂ ನಿಲ್ಲಿಸದೆ, "ಆ ಹೆಸ್ರು ಇವತ್ತ ಕೇಳಾಕತ್ತೀನ್ರಿ" ಎಂದ. ನಿನ್ನೆಯಷ್ಟೇ ನನ್ನ ಅಂಗಿಗೆ ಅಳತೆ ತೆಗೆದುಕೊಂಡಿದ್ದ ಪುಣ್ಯಾತ್ಮ! ಕೊನೆಗೆ ನಮ್ಮ ಮನೆಯ ಕಟ್ಟೆ ಮೇಲೆ ಕೂತಿದ್ದ ಕಾಕಾ, ಅಂದರೆ ಅಪ್ಪನ ಸ್ವಂತ ತಮ್ಮ, ಎದ್ದು ನಿಂತು ಕೈ ಮುಗಿದು, "ನಮ್ಮ ಅಣ್ಣಗ ಗಂಡು ಸಂತಾನನ ಇಲ್ರಿ ಸಾಹೇಬ್ರ" ಎಂದುಬಿಟ್ಟರು. ಪೊಲೀಸಪ್ಪ ಬರೆದುಕೊಂಡ ಹೇಳಿಕೆಗೆ ಮೂವರೂ ಹೆಬ್ಬೆಟ್ಟು ಒತ್ತಿದರು.

ಸಂಜೆ ನಾನು ಬಂದಾಗ ಕಾಕಾ ಗೆದ್ದವರಂತೆ ಮೀಸೆ ತೀಡುತ್ತಿದ್ದರು. "ಪೊಲೀಸ್ರು ಬಂದಿದ್ರು. ಚಲೋತ್ನಾಗ ಸಾಗಹಾಕೀನಿ. ನೀ ಏನು ಮಾಡೀಯಂತ ನಾ ಕೇಳಂಗಿಲ್ಲ. ಒಂದೆಂಟು ದಿನ ಮುದಗಲ್ಲಿಗೆ ಹೋಗಿ ನಿಮ್ಮ ಅತ್ತಿ ಮನ್ಯಾಗ ಇದ್ದು ಬಾ."

ನನಗೆ ಅಳುವೇ ಬಂತು. ಮರುದಿನ ಲಿಂಗಸುಗೂರಿನ ಠಾಣೆಗೆ ಓಡಿದೆ. ಜಮಾದಾರರು ಕಾಗದ ತಿರುವಿ ಹಾಕಿದರು.

"ನೀವು ಇಲ್ಲ ಅಂತ ಮೂರು ಮಂದಿ ಹೇಳ್ಯಾರ. ಅದೀನಿ ಅಂತ ಹೇಳಾಕತ್ತವ್ರು ನೀವೊಬ್ಬರ. ಯಾರದು ನಂಬಬೇಕ್ರಿ? ಹೆಬ್ಬೆಟ್ಟು ಒತ್ತಿದವ್ರನ್ನ ಕರಕೊಂಡು ಬರ್ರಿ."

ಕಾಕಾನನ್ನು ಬಸ್ಸಿಗೆ ಹತ್ತಿಸಿದೆ. ಇದು ಒಳ್ಳೆಯದಕ್ಕೆ ಕೇಳುವ ವಿಚಾರಣೆ, ಇವನು ನನ್ನ ಅಣ್ಣನ ಮಗ ಅಂದರೆ ಸಾಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದೆ. "ತಿಳೀತು ಬಿಡೋ, ನಾ ಏನು ಸಣ್ಣ ಹುಡುಗ ಅದೀನೇನು" ಎಂದು ನನಗೇ ಗದರಿದರು. ಆದರೆ ಠಾಣೆಯ ಒಳಗೆ ಕಾಲಿಟ್ಟು ಲಾಕಪ್ಪಿನ ಸರಳು ಕಂಡದ್ದೇ ತಡ, ಅವರ ಮುಖದ ಬಣ್ಣ ಬದಲಾಯಿತು.

"ಏನ್ರಿ ಹಿರಿಯಾರ, ಇವರು ನಿಮಗ ಏನಾಗಬೇಕು?" ಜಮಾದಾರರು ಕೇಳಿದರು.

ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವ್ರಾ? ಬಸ್ಸಿನ್ಯಾಗ ಬಾಜೂಕ ಕುಂತಿದ್ರು ನೋಡ್ರಿ."

ಕಳೆದಿಲ್ಲ, ಕಾಲುವೆಯಲ್ಲಿದೆ

ಕೊನೆಗೆ ಅವ್ವನೇ ಠಾಣೆಗೆ ಬಂದಳು. "ಹಡದಾಕಿ ನಾ ಇಲ್ಲಿ ನಿಂತೀನಿ. ಹುಟ್ಟಿಲ್ಲ ಅನ್ನಾಕ ಅವರ್ಯಾರು?" ಎಂದು ಒಂದೇ ಮಾತು ಕೇಳಿದಳು. ವರದಿ ತಿದ್ದಿದರು, ಲೈಸೆನ್ಸ್ ಬಂತು, ಕೆಲಸ ಸಿಕ್ಕಿತು. ಒಂದು ಹಂಗಾಮು ಸಿಂಧನೂರಿನ ಹತ್ತಿರದ ಗೊರೇಬಾಳದ ಸುತ್ತಿನ ಗದ್ದೆಗಳಿಗೆಲ್ಲ ಔಷಧ ಹೊಡೆದು ಸುಖವಾಗಿದ್ದೆ.

ಎರಡನೆಯ ಹಂಗಾಮಿನಲ್ಲಿ ಒಂದು ದಿನ ಮುಖ ತೊಳೆಯಲು ಕಾಲುವೆಗೆ ಬಗ್ಗಿದೆ. ಅಂಗಿಯ ಜೇಬಿನಿಂದ ಪುಸ್ತಕ ನೀರಿಗೆ ಬಿತ್ತು. ಮುಳುಗಲೂ ಇಲ್ಲ. ಫೋಟೋ ಇದ್ದ ಹಾಳೆ ಮೇಲೆ ಮಾಡಿಕೊಂಡು, ನನ್ನನ್ನೇ ನೋಡುತ್ತಾ ತೇಲಿಹೋಯಿತು. ಏರಿಯ ಮೇಲೆ ಒಂದು ಫರ್ಲಾಂಗು ಅದರ ಜೊತೆ ಓಡಿದೆ. ಕಾಲುವೆಗೆ ನನಗಿಂತ ಅವಸರವಿತ್ತು.

ಗದ್ದೆಯಲ್ಲಿ ಹುಳ ಎದ್ದಿತ್ತು, ರೈತರು ಕಾಯುತ್ತಿದ್ದರು. ಪುಸ್ತಕವಿಲ್ಲದವನನ್ನು ಹಾರಲು ಬಿಡುವಂತಿಲ್ಲ, ಬೇರೆ ಪೈಲಟ್ ಕರೆಸುತ್ತೇನೆ ಎಂದರು ಮ್ಯಾನೇಜರ್. ಹೊಸ ಪ್ರತಿ ಬೇಕಾದರೆ ಕಳೆದದ್ದು ನಿಜ ಎಂದು ಪೊಲೀಸರು ಬರೆದುಕೊಡಬೇಕು. ಮತ್ತೆ ಠಾಣೆ! ಈ ಸಲ ಸಿಂಧನೂರಿನದು.

"ಎಲ್ಲಿ ಕಳೀತು?" ಅಲ್ಲಿ ದೂರು ಬರೆದುಕೊಳ್ಳುವ ರೈಟರ್ ಕೇಳಿದರು.

"ಮುಂಜಾನಿ ಗೊರೇಬಾಳದ ಹತ್ರ, ಕಾಲುವ್ಯಾಗ ಬಿತ್ರಿ."

"ಬಿದ್ದಿದ್ದು ನೀವು ನೋಡೀರೇನು?"

"ನೋಡೀನ್ರಿ. ಕಣ್ಣ ಮುಂದ ತೇಲಿಕೋತ ಹೋತು."

ರೈಟರ್ ಪೆನ್ನು ಕೆಳಗಿಟ್ಟರು. "ಹಂಗಾದ್ರ ಕಳದಂಗ ಹೆಂಗಾತ್ರಿ? ಎಲ್ಲಿ ಐತಿ ಅಂತ ಗೊತ್ತಿಲ್ಲಾಂದ್ರ ಕಳದಂಗ. ನಿಮಗ ಗೊತ್ತೈತಲ್ಲ, ಕಾಲುವ್ಯಾಗ ಐತಿ."

"ಆದ್ರ ಕೈಗೆ ಸಿಗವಲ್ದಲ್ರಿ!"

ಅವರು ಗಡಿಯಾರ ನೋಡಿ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. "ಮುಂಜಾನಿ ಬಿದ್ದೈತಿ ಅಂತೀರಿ. ಇಷ್ಟೊತ್ತಿಗೆ ನಮ್ಮ ಹದ್ದು ದಾಟಿ ಮಾನ್ವಿ ಹದ್ದಿಗೆ ಹೋಗಿರ್ತೈತಿ. ಅರ್ಜಿ ಅಲ್ಲೇ ಕೊಡಬೇಕ್ರಿ."

"ನಾ ಮಾನ್ವಿಗೆ ಹೋಗೂದ್ರಾಗ ಅದು ಅಲ್ಲಿಂದನೂ ಮುಂದ ಹೋಗಿರ್ತೈತಲ್ರಿ?"

"ಅದಕ್ಕ ಹೇಳಾಕತ್ತೀನಿ," ಎಂದರು ರೈಟರ್, "ಲಗೂನ ಹೋಗ್ರಿ."

ಮೂರನೆಯ ಪ್ರಶ್ನೆ

ಕಳೆದದ್ದಕ್ಕೆ ಪೊಲೀಸರ ಪ್ರಮಾಣಪತ್ರ ಹೇಗೋ ಸಿಕ್ಕಿತು. ಆದರೆ ದಿಲ್ಲಿಯಿಂದ ಪುಸ್ತಕ ಬರುವಷ್ಟರಲ್ಲಿ ಹುಳ ಗದ್ದೆ ಮುಗಿಸಿ ಕೈ ತೊಳೆದುಕೊಂಡಿರುತ್ತಿತ್ತು. ಮ್ಯಾನೇಜರ್ ಒಂದು ದಾರಿ ಹುಡುಕಿದರು. ಹೈದರಾಬಾದಿನಿಂದ ಒಬ್ಬ ಪರೀಕ್ಷಾಧಿಕಾರಿ ಜೀಪಿನಲ್ಲಿ ರೇಡಿಯೋ ಇಟ್ಟುಕೊಂಡು ಗೊರೇಬಾಳಕ್ಕೇ ಬರುತ್ತಾರೆ. ಅವರ ಎದುರು ಹಾರಿ, ಮಾತಾಡಿ ತೋರಿಸಿ ಪಾಸಾದರೆ ಅಲ್ಲೇ ತಾತ್ಕಾಲಿಕ ಪರವಾನಗಿ. ಇಲ್ಲದಿದ್ದರೆ ನಾಳೆಯಿಂದ ಆ ವಿಮಾನ ಬೇರೆಯವನದು, ನಾನು ಮಸ್ಕಿಯ ದಾರಿ ಹಿಡಿಯಬೇಕು.

ಅಧಿಕಾರಿ ನಗದ ಮನುಷ್ಯ. "ಪರೀಕ್ಷೆ ಮೂರು ಭಾಗ. ಮೊದಲು ಮಾಮೂಲು ಮಾತು. ಆಮೇಲೆ ಗಾಳಿಯ ದಿಕ್ಕು, ವೇಗ. ಕೊನೆಗೆ ಅಪಾಯದ ಕರೆ: ಯಾರಿಗೆ ಏನಾಗಿದೆ, ಎಲ್ಲಿ, ಗುರುತೇನು ಎಂದು ಕೇಳಿ ಸರಿಯಾಗಿ ತಿಳಿಸಬೇಕು. ಇಂಗ್ಲಿಷ್ ಮಾತ್ರ. ರೇಡಿಯೋದಲ್ಲಿ ಕಾಡುಹರಟೆ ಕೇಳಿಸಿತೋ, ಫೇಲು" ಎಂದರು.

ಏರಿದೆ. ಎರಡು ಭಾಗ ನೀರು ಕುಡಿದಂತೆ ಮುಗಿದವು. ಮೂರನೆಯದಕ್ಕೆ ಕಿವಿಗೊಟ್ಟು ಕಾದೆ. ಕೆಳಗಿನಿಂದ ಸದ್ದಿಲ್ಲ.

ಆದದ್ದೇನೆಂದು ನನಗೆ ಆಮೇಲೆ ಗೊತ್ತಾಯಿತು. ಅಧಿಕಾರಿ ಮೈಕನ್ನು ಸೀಟಿನ ಮೇಲಿಟ್ಟು ಚಹಾ ಕುಡಿಯಲು ಆ ಕಡೆ ತಿರುಗಿದ್ದರು. ವಿಮಾನ ನೋಡಲು ನೆರೆದಿದ್ದ ಜನರಲ್ಲಿ ಒಬ್ಬ ಮುದುಕಿ ಇದ್ದಳು. ನಸುಕಿನಿಂದ ಆಕೆಯ ಎಮ್ಮೆ ಕಾಣೆಯಾಗಿತ್ತು. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು ಎಂಬುದನ್ನು ಅಧಿಕಾರಿಯನ್ನು ನೋಡಿಯೇ ಕಲಿತಿದ್ದ ಆಕೆ ಮೈಕು ಕೈಗೆತ್ತಿಕೊಂಡಳು.

"ಯಪ್ಪಾ, ಮ್ಯಾಲ ಅದೀಯಾ?"

ನಾನು ಬಗ್ಗಿ ಕೆಳಗೆ ನೋಡಿದೆ.

"ನನ್ನ ಎಮ್ಮಿ ಕಾಣವಲ್ದೋ ಯಪ್ಪಾ. ಕರು ಮುಂಜಾನಿಂದ ಒದರಾಕತ್ತೈತಿ. ನಿನಗ ಮ್ಯಾಲಿಂದ ಎಲ್ಲಾ ಕಾಣ್ತೈತಂತಲ್ಲ..." ಎಂದು ಆಕೆ ಅಳತೊಡಗಿದಳು.

ಬಾಯಿ ಬಿಟ್ಟರೆ ಲೈಸೆನ್ಸ್ ಹೋಗುತ್ತದೆ. ಅದಕ್ಕಾಗಿ ಪಟ್ಟ ಪಾಡೆಲ್ಲ ಕಣ್ಣ ಮುಂದೆ ಬಂತು. ನಿಜ ಹೇಳುತ್ತೇನೆ, ಅರ್ಧ ಸುತ್ತು ಹೊಡೆಯುವವರೆಗೆ ಬಾಯಿ ಬಿಗಿಹಿಡಿದೆ. ಆದರೆ ಆ ದನಿ ಕೇಳಿಯೂ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಹಾಳಾಗಲಿ ಲೈಸೆನ್ಸ್ ಎಂದುಕೊಂಡೆ.

"ಎಮ್ಮಿ ಗುರುತು ಹೇಳವ್ವಾ. ಓವರ್."

"ಹಣಿ ಮ್ಯಾಲ ಬಿಳಿ ಚುಕ್ಕಿ ಐತಿ. ಒಂದು ಕೋಡು ಮುರದೈತಿ. ಓವರಪ್ಪಾ."

ಎಡಕ್ಕೆ ಹೊರಳಿದೆ. ಕಾಲುವೆಯ ಏರಿ ದಾಟಿ, ಜಾಲಿ ಗಿಡಗಳ ಹಿಂದೆ ಒಂದು ಹೊಂಡ. ಅದರಲ್ಲಿ ಕತ್ತಿನವರೆಗೆ ಮುಳುಗಿ ಒಂದು ಎಮ್ಮೆ ನಿಂತಿತ್ತು.

"ಏರಿ ಆಚೆ ಜಾಲಿ ಗಿಡದ ಹಿಂದ ಹೊಂಡ ಐತಿ, ಅದರಾಗ ನಿಂತೈತಿ. ಕೆಸರಿನ್ಯಾಗ ಸಿಕ್ಕಂಗ ಕಾಣ್ತೈತಿ, ನಾಕು ಮಂದೀನ ಕಳಸು. ಓವರ್."

"ಅದು ನಂದ ಹೌದಿಲ್ಲೋ? ಕೋಡು ನೋಡು. ಓವರಪ್ಪಾ."

ಇನ್ನಷ್ಟು ಕೆಳಗಿಳಿದು ನೋಡಿದೆ. "ಎಡಗಡೆ ಕೋಡು ಮುರದೈತಿ. ಓವರ್."

"ನಂದ! ನಂದ!" ಎಂಬ ಕೂಗಿನ ಹಿಂದೆಯೇ ಹಗ್ಗ ಹಿಡಿದು ಜನ ಏರಿಯತ್ತ ಓಡುವುದು ಕಾಣಿಸಿತು.

ಇಳಿದು ಬಂದಾಗ ಅಧಿಕಾರಿ ಜೀಪಿನ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿದ್ದ ಚಹಾ ಕೆನೆಗಟ್ಟಿತ್ತು. ಅಂದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು, ಸಹಿ ಮಾಡಿದರು, ನನ್ನ ಕೈಗೆ ತುರುಕಿ ಜೀಪು ಹತ್ತಿ ಹೊರಟುಹೋದರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡು, ಆ ಇಂಗ್ಲಿಷ್ ಸಾಲುಗಳನ್ನು ಓದಿದೆ. ಮೊದಲ ಭಾಗ, ತೃಪ್ತಿಕರ. ಎರಡನೆಯ ಭಾಗ, ತೃಪ್ತಿಕರ. ಮೂರನೆಯದರ ಮುಂದೆ ಹೀಗೆ ಬರೆದಿತ್ತು:

"ಅಪಾಯದ ಕರೆ: ಎಮ್ಮೆ, ಒಂದು. ಗುರುತು ಕೇಳಿ, ಸ್ಥಳ ಸರಿಯಾಗಿ ತಿಳಿಸಿದ್ದಾನೆ. ಜೀವಹಾನಿ ಇಲ್ಲ. ಪಾಸು."