ಷಡ್ಡಕನ ಕ್ಯಾಮೆರಾ ಕಣ್ಣಿಗೆ ಬಿದ್ದ ಕಟ್ಟಡಗಳು

ಯಮನ ಪಾಶಕ್ಕೆ ಸಿಕ್ಕವರು ತಪ್ಪಿಸಿಕೊಂಡು ಬಂದ ಕಥೆಗಳು ಪುರಾಣಗಳಲ್ಲಿ ಉಂಟು. ನಮ್ಮ ಷಡ್ಡಕನ ಕ್ಯಾಮೆರಾಕ್ಕೆ ಸಿಕ್ಕ ಕಟ್ಟಡ ತಪ್ಪಿಸಿಕೊಂಡದ್ದನ್ನು ಮಾತ್ರ ನಾನು ಕಾಣೆ. ಬೆಂಗಳೂರಿನ ಯಾವುದಾದರೊಂದು ಹಳೆಯ ಕಟ್ಟಡದ ಮುಂದೆ ಆತ ನಿಂತು, ಒಂದು ಕಣ್ಣು ಮುಚ್ಚಿ ಕ್ಲಿಕ್ಕಿಸಿದನೆಂದರೆ ಅದರ ಆಯುಸ್ಸು ಮುಗಿಯಿತು. ಮುಂದಿನ ಹಬ್ಬಕ್ಕೆ ಹೋಗಿ ನೋಡಿದರೆ ಅಲ್ಲಿ ಪಾಯದ ಹಳ್ಳ. ಅದರ ಮುಂದಿನ ಹಬ್ಬಕ್ಕೆ ಆಳೆತ್ತರದ ಗಾಜು. ಇದನ್ನು ಮೂಢನಂಬಿಕೆಯೆಂದು ನಗುವವರು ನಗಲಿ. ಅವರ ಮನೆ ಪೇಟೆ ಬೀದಿಯಲ್ಲಿಲ್ಲ. ನನ್ನದು ಇದೆ.

ಚಿಕ್ಕಬಳ್ಳಾಪುರದಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಅದು. ಮುಂದೆ ನಂದಿಬೆಟ್ಟದ ಕಡೆಯ ಕಲ್ಲಿನ ಕಂಬಗಳು, ಅವುಗಳ ನಡುವೆ ನುಣ್ಣಗೆ ಸವೆದ ಜಗಲಿ. ಊರು ಜಿಲ್ಲಾ ಕೇಂದ್ರವಾದ ಮೇಲೆ ಬೀದಿಗೂ ಜಿಲ್ಲಾ ಕೇಂದ್ರಕ್ಕೆ ತಕ್ಕ ಅಗಲ ಬರಬೇಕೆಂಬ ಮಾತು ಹುಟ್ಟಿತು. ಅಗಲ ಆಕಾಶದಿಂದ ಉದುರೀತೆ? ನಮ್ಮ ಜಗಲಿಯಿಂದಲೇ ಬರಬೇಕು. ಅಂದಿನಿಂದ ನನ್ನನ್ನು ಹಿಡಿದ ಭಯ ಒಂದೇ: ಈ ಮನುಷ್ಯ ನಮ್ಮ ಮನೆಯ ಮುಂದೆ ಕ್ಯಾಮೆರಾ ಎತ್ತಬಾರದು.

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಶಿಡ್ಲಘಟ್ಟದ ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದು ನಿವೃತ್ತನಾದವನು. ತನ್ನ ಮಗಳ ಮದುವೆಯಲ್ಲಿ ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದ ಮಹಾನುಭಾವ. ಅದನ್ನು ನಾನು ಮರೆತಿದ್ದೇನೆಂದು ಅವನು ಭಾವಿಸಿದ್ದಾನೆ. ನಿವೃತ್ತಿಯಾದ ಮರುವಾರವೇ ಹಳೆಯ ರೀಲಿನ ಕ್ಯಾಮೆರಾ ಒಂದನ್ನು ಕೊಂಡು, ಭಾನುವಾರಗಳಲ್ಲಿ ರಾಜಧಾನಿಯ ಪೇಟೆ ಬೀದಿಗಳ ಹಳೆಯ ಕಟ್ಟಡಗಳನ್ನೆಲ್ಲ ಹಿಡಿದಿಡುವ ಸಂಕಲ್ಪ ಮಾಡಿದ. ಹಾಗಾದರೆ ನಾನೇಕೆ ಜೊತೆಗೆ ಹೋಗುತ್ತಿದ್ದೆ? ಕಾರಣ ಸರಳ. ಶಿಡ್ಲಘಟ್ಟದ ಬಸ್ಸು ನಮ್ಮೂರಿನ ಮೇಲೆಯೇ ಹೋಗಬೇಕು, ಬರಬೇಕು. ರೀಲಿನಲ್ಲಿ ಒಂದು ಚಿತ್ರ ಉಳಿದರೂ ಹಿಂದಿರುಗುವಾಗ ನಮ್ಮೂರಿನಲ್ಲಿಳಿದು ಅದನ್ನು ಎಲ್ಲಿ ಖರ್ಚು ಮಾಡುತ್ತಾನೋ ಯಾರು ಬಲ್ಲರು? ರೀಲು ಬೆಂಗಳೂರಿನಲ್ಲೇ ಮುಗಿಯುವಂತೆ ನೋಡಿಕೊಳ್ಳುವುದು ನನ್ನ ಕಾವಲು ಕೆಲಸವಾಗಿತ್ತು.

ಅವನು ಮಾತ್ರ ನನಗೆ ಬೇರೆಯದೇ ಕೆಲಸ ಕೊಟ್ಟ. ಕಟ್ಟಡದ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲದಿದ್ದರೆ ಅದರ ಎತ್ತರ ತಿಳಿಯದೆಂಬುದು ಮೇಷ್ಟರು ಮಕ್ಕಳಿಗೆ ಕಲಿಸಿದ ಪಾಠ. ಆ ಮನುಷ್ಯ ನಾನು. ಎಡಕ್ಕೆ ಸರಿಯಿರಿ, ಬಲಕ್ಕೆ ಸರಿಯಿರಿ, ಕೊಡೆ ಮಡಚಿ ಎಂದು ಮೂವತ್ತು ವರ್ಷ ಕಚೇರಿಯನ್ನು ಆಳಿದ ನನ್ನನ್ನು ಆಳುತ್ತಿದ್ದ.

ಚಿಕ್ಕಪೇಟೆಯ ಒಳಗಲ್ಲಿಯೊಂದರಲ್ಲಿ ಮರದ ಕೆತ್ತನೆಯ ಉಪ್ಪರಿಗೆಯಿದ್ದ ಬಟ್ಟೆ ಅಂಗಡಿಯ ಮುಂದೆ ನನ್ನನ್ನು ಹೀಗೆಯೇ ನೆಟ್ಟಿದ್ದಾಗ ಅಂಗಡಿಯ ಮಾಲೀಕ ಹೊರಗೆ ಬಂದ.

"ಯಾವ ಡಿಪಾರ್ಟ್‌ಮೆಂಟ್ ಸಾರ್?" ಎಂದು ನನ್ನನ್ನು ಕೇಳಿದ. ಮುಖ ಬೆವತಿತ್ತು.

"ಯಾವುದೂ ಇಲ್ಲಪ್ಪ," ಎಂದೆ. ನನ್ನ ಮುಖವೂ ಬೆವತಿತ್ತು.

ಇಲಾಖೆಯ ಹೆಸರನ್ನೇ ಹೇಳದ ಅಧಿಕಾರಿ ಎಷ್ಟು ದೊಡ್ಡವನಿರಬೇಕೆಂದು ಆತ ಲೆಕ್ಕ ಹಾಕಿರಬೇಕು. ನಮ್ಮನ್ನು ಒಳಗೆ ಕೂರಿಸಿ ಬಾದಾಮಿ ಹಾಲು ತರಿಸಿದ. ಷಡ್ಡಕ ಹಾಲು ಕುಡಿಯುತ್ತ, ಆ ಉಪ್ಪರಿಗೆಯ ಕೆತ್ತನೆ ಯಾವ ಕಾಲದ್ದು, ಪೇಟೆಯ ವ್ಯಾಪಾರಿಗಳು ಕೆಳಗೆ ಅಂಗಡಿ, ಮೇಲೆ ಮನೆ ಮಾಡಿಕೊಂಡದ್ದೇಕೆ ಎಂದೆಲ್ಲ ಆ ಮನೆಯವನಿಗೇ ಪಾಠ ಹೇಳಿದ. ಮಾಲೀಕ ಕಣ್ಣರಳಿಸಿ ಕೇಳಿ, "ನಮ್ದು ಇಷ್ಟೊಂದು ಬೆಲೆಬಾಳುತ್ತಾ ಸಾರ್?" ಎಂದ. ದೀಪಾವಳಿಯ ವೇಳೆಗೆ ಅದನ್ನು ಮಾರಿಬಿಟ್ಟಿದ್ದ. ಈಗ ಹೇಳಿ, ಇದು ಕ್ಯಾಮೆರಾದ ಕೈವಾಡವಲ್ಲದೆ ಮತ್ತೇನು?

ವಿಧಾನಸೌಧದೆದುರಿನ ಕೆಂಪು ಅಠಾರಾ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ ಮುಂದೆ ನಡೆದದ್ದನ್ನು ನೆನೆದರೆ ಇಂದಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಎಲ್ಲೆಲ್ಲೂ ಬಾಂಬಿನ ಸುದ್ದಿ, ಗೇಟುಗೇಟಿಗೂ ಪಹರೆ ಇದ್ದ ದಿನಗಳವು. ಪೊಲೀಸಿನವನೊಬ್ಬ ಬಂದು, ಬೇಲಿಯ ಪಕ್ಕದಲ್ಲಿ ಅಲುಗಾಡದೆ ನಿಂತಿದ್ದ ನನ್ನನ್ನು ತೋರಿಸಿ, "ಇವರ್ಯಾಕೆ ಹಿಂಗೆ ನಿಂತವ್ರೆ?" ಎಂದ.

"ಅವರು ನಮ್ಮ ಅಳತೆಗೋಲು ಸಾರ್," ಎಂದ ಷಡ್ಡಕ, ಹೆಮ್ಮೆಯಿಂದ.

"ಅಳತೆ ತಗೋತಿದೀರಾ? ಸರ್ಕಾರಿ ಬಿಲ್ಡಿಂಗ್ದು? ಯಾತಕ್ಕೆ?"

ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಷಡ್ಡಕನ ನಾಲಿಗೆಗೆ ಅಂಥ ತೊಂದರೆಯೇನೂ ಆಗಲಿಲ್ಲ. ಕಮಾನುಗಳ ಬಗ್ಗೆ, ಕಂಬಗಳ ಬಗ್ಗೆ, ಒಳಗೆ ಹೋಗುವ ಬಾಗಿಲುಗಳೆಷ್ಟು ಎಂಬುದರ ಬಗ್ಗೆ ಕೂಡ ವಿವರವಾಗಿ ಹೇಳಿದ. ಹೇಳಿದಷ್ಟೂ ನಮ್ಮ ಸುತ್ತ ಪೊಲೀಸರು ಹೆಚ್ಚಾದರು. ಕೊನೆಗೆ ಚೌಕಿಯ ಬೆಂಚಿನ ಮೇಲೆ ಕೂತಿದ್ದಾಗ, ಜೈಲಿನಲ್ಲಿ ನನ್ನ ಬಿ.ಪಿ. ಮಾತ್ರೆ ಕೊಡುವರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಬಂದ ಇನ್‌ಸ್ಪೆಕ್ಟರು ಚಿಂತಾಮಣಿಯವರು. ನಮ್ಮ ತೆಲುಗು ಬೆರೆತ ಮಾತಿನ ವರಸೆಯಿಂದಲೇ ಊರ ಕಡೆಯವರೆಂದು ಗುರುತಿಸಿದರು. "ಏಮಂಡಿ ಮೇಷ್ಟ್ರೇ, ಈ ವಯಸುಲೋ ಇದಂತಾ ಅವಸರಮಾ? ಬೇಕಾ ಇದೆಲ್ಲ? ಮನೇಲಿ ಮೊಮ್ಮಕ್ಕಳಿಲ್ವಾ ಫೋಟೋ ತೆಗೆಯೋಕೆ?" ಎಂದು ನಕ್ಕು ಬಿಟ್ಟುಕಳಿಸಿದರು.

ಬಸ್ಸಿನಲ್ಲಿ ಷಡ್ಡಕ, "ಅಣ್ಣ, ಆ ಕೆಂಪು ಕಟ್ಟಡ ನಾಳೆಯೂ ಇರುತ್ತೆ, ನೋಡ್ತಿರಿ. ನಿಮ್ಮ ಹುಚ್ಚು ನಂಬಿಕೆ ಅಲ್ಲಿಗೆ ಮುಗೀತಾ?" ಎಂದು ಚುಚ್ಚಿದ. ಅದು ಸರ್ಕಾರದ ಕಟ್ಟಡ, ಅದನ್ನು ಅಲುಗಿಸಲು ಯಮನೂ ಕಡತ ಮಂಡಿಸಬೇಕು ಎಂದೆ. ಹುಚ್ಚು ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಶಿಡ್ಲಘಟ್ಟದ ಅವನ ಮನೆಯಲ್ಲಿ ಆ ಫೋಟೋಗಳ ಪ್ರದರ್ಶನವೂ ನಡೆಯುತ್ತಿತ್ತು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಅವುಗಳ ತುಂಬ ಬೆಂಗಳೂರನ್ನು ಸಿಕ್ಕಿಸಿದ್ದ. ಬಂದ ನೆಂಟರಲ್ಲಿ ಕಟ್ಟಡಗಳನ್ನು ನೋಡಿದವರು ವಿರಳ. ನನ್ನ ನಾದಿನಿಯೇ ಎಲ್ಲರೆದುರು, "ಭಾವ, ಎಲ್ಲಾದ್ರಲ್ಲೂ ಯಾಕೆ ನೀವು ಸಾಲ ವಸೂಲಿಯವ್ನನ್ನ ಕಂಡೋರ ಹಂಗೆ ನಿಂತಿದೀರ?" ಎಂದಳು. ನಕ್ಕವರ ಮುಖಗಳು ನನಗೆ ಒಂದೊಂದೂ ನೆನಪಿವೆ.

ಹೀಗೆ ವರ್ಷಗಳ ಕಾಲ ನಾನು ನಮ್ಮ ಮನೆಯನ್ನು ಕಾಪಾಡಿಕೊಂಡೆ. ಅವನು ಬಂದಾಗಲೆಲ್ಲ ಹಿತ್ತಲ ಬಾಗಿಲಿನಿಂದಲೇ ಒಳಗೆ ಕರೆಯುತ್ತಿದ್ದೆ, ಕ್ಯಾಮೆರಾದ ಚೀಲವನ್ನು ಅಕ್ಕಿ ಡಬ್ಬದ ಹಿಂದೆ ಇಡಿಸುತ್ತಿದ್ದೆ. ಆದರೂ ಒಂದು ಬೆಳಿಗ್ಗೆ ಅಳತೆ ಟೇಪು ಹಿಡಿದವರು ಬಂದರು. ಬಾಗಿಲು ತೆರೆದು ನಾನು ಮಾತಾಡುವಷ್ಟರಲ್ಲಿ ಜಗಲಿಯ ಕಂಬಗಳ ಮೇಲೆ ಕೆಂಪು ಬಣ್ಣದ ಗೆರೆ ಎಳೆದು ಮುಂದಿನ ಮನೆಗೆ ಹೋಗಿಯಾಗಿತ್ತು. ಗೆರೆ ಬಿದ್ದ ಕಂಬ, ಜಗಲಿ ಎಲ್ಲ ರಸ್ತೆಗೆ. ಕ್ಯಾಮೆರಾವೇ ಬೇಕಾಗಲಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ. ಹೆಂಡತಿ, "ಹೋಗೋದು ಹೆಂಗೂ ಹೋಗುತ್ತೆ. ಅವರನ್ನ ಕರೆದು ಒಂದು ಫೋಟೋನಾದ್ರೂ ತೆಗೆಸಿ," ಎಂದಳು. ಇಷ್ಟು ವರ್ಷ ಯಾವುದನ್ನು ತಡೆದಿದ್ದೆನೋ ಅದನ್ನೇ ಬೇಡುವುದು ಸುಲಭವೆ? ಸಂಜೆ ಫೋನು ಮಾಡಿದೆ. ಅವನು, "ಬರ್ತೀನಣ್ಣ," ಎಂದ.

ಮರುದಿನ ಬೆಳಿಗ್ಗೆಯೇ ಬಂದ. ಹೆಗಲಿನಲ್ಲಿ ಬಟ್ಟೆಯ ಚೀಲವೊಂದೇ ಇತ್ತು.

"ಕ್ಯಾಮೆರಾ ಎಲ್ಲಿ?"

"ಕೆಟ್ಟೋಗಿದೆ ಅಣ್ಣ. ರಿಪೇರಿಗೆ ಕೊಟ್ಟಿದೀನಿ."

ಊರವರ ಕಟ್ಟಡಗಳಿಗೆಲ್ಲ ಇದ್ದ ಕ್ಯಾಮೆರಾ ನನ್ನ ಮನೆಗೆ ಇಲ್ಲ. ಎರಡನೆಯ ಪಂಕ್ತಿಯ ಅವಮಾನ ಇದರೆದುರು ಏನೂ ಅಲ್ಲವೆನಿಸಿ, ಒಳಗೆ ಹೋಗಿ ಕುಳಿತೆ. ಅಷ್ಟರಲ್ಲಿ ನಾದಿನಿಯ ಫೋನು ಬಂತು.

"ಇವರು ಬಂದ್ರಾ ಭಾವ? ನಿನ್ನೆ ಹೊಸ ರೀಲು ಹಾಕಿಟ್ಕೊಂಡಿದ್ರು. ಬೆಳಿಗ್ಗೆ ಬಸ್‌ಸ್ಟಾಂಡ್ ತನಕ ಹೋದೋರು ವಾಪಸ್ ಬಂದು ಕ್ಯಾಮೆರಾ ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. 'ಯಾತಕ್ಕೆ ಬೇಕು, ಅಣ್ಣನ ಮನೆ ಮಾತ್ರ ಬೇಡ' ಅಂದ್ರು. ಅವರಿಗೂ ಭಯ ಭಾವ."

ನಾನು ಮುಂಬಾಗಿಲಿಗೆ ಬಂದೆ. ಷಡ್ಡಕ ಜಗಲಿಯ ಮೇಲೆ ಮಂಡಿಯೂರಿ ಕುಳಿತಿದ್ದ. ಚೀಲದಿಂದ ಟರ್ಪೆಂಟೈನ್ ಶೀಶೆ ತೆಗೆದು, ಬಟ್ಟೆಯನ್ನು ಅದರಲ್ಲಿ ಅದ್ದಿ, ಕಂಬದ ಮೇಲಿನ ಕೆಂಪು ಗೆರೆಯನ್ನು ಉಜ್ಜುತ್ತಿದ್ದ. ಬೆರಳುಗಳೆಲ್ಲ ಕೆಂಪಾಗಿದ್ದವು. ಗೆರೆ ಅಳಿಸಿದರೆ ರಸ್ತೆ ನಿಲ್ಲುವುದಿಲ್ಲವೆಂಬುದು ಅವನಿಗೆ ತಿಳಿಯದೆ? ಸರ್ಕಾರದ ಗುರುತನ್ನು ಅಳಿಸುವುದು ಅಪರಾಧವೆಂದು ನಾನು ಹೇಳಬೇಕೆಂದಿದ್ದೆ.

ಅವನು ತಲೆಯೆತ್ತದೆಯೇ, "ಬಣ್ಣ ಪೂರ್ತಿ ಒಣಗಿಲ್ಲ ಅಣ್ಣ. ಇವತ್ತು ಬಿಟ್ರೆ ಕಲ್ಲು ಕುಡ್ಕೊಂಡ್ಬಿಡುತ್ತೆ," ಎಂದ.

ನಾನು ಒಳಗೆ ಹೋಗಿ ಹಳೆಯ ಪಂಚೆಯೊಂದನ್ನು ಹರಿದು ತಂದು, ಪಕ್ಕದ ಕಂಬದ ಬಳಿ ಕುಳಿತೆ.