ನಾಕೇದಾರರ ಚೀಜಿಗೆ ಕಾವಲು

ಕೆಲಸದಿಂದ ಮನುಷ್ಯ ನಿವೃತ್ತನಾದರೂ ಕೆಲಸದ ಗುಣ ನಿವೃತ್ತವಾಗುವುದಿಲ್ಲ ಎಂಬುದಕ್ಕೆ ವಿಜಾಪುರದ ನಮ್ಮ ಓಣಿಯಲ್ಲಿ ದಿನವೂ ಸಾಕ್ಷಿ ಸಿಗುತ್ತಿತ್ತು. ಓಣಿಯ ಹಿರಿಯರೊಬ್ಬರು ತಿಕೋಟಾ ರಸ್ತೆಯ ಸುಂಕದ ಕಟ್ಟೆಯಾದ ಜಕಾತಿ ನಾಕೆಯಲ್ಲಿ ನಾಕೇದಾರರಾಗಿ, ಊರೊಳಗೆ ಬರುವ ಪ್ರತಿ ಚಕ್ಕಡಿಯ ಕಣಿಕೆ ಮೇವಿಗೂ ಕಬ್ಬಿಣದ ಸಲಾಕಿ ಚುಚ್ಚಿ, ಅಡಿಯಲ್ಲಿ ಬಚ್ಚಿಟ್ಟ ತುಪ್ಪ, ಬೆಲ್ಲಗಳನ್ನು ಹಿಡಿದವರು. ಪಿಂಚಣಿ ಬಂದೊಡನೆ ಅವರಿಗೆ ಸಂಗೀತ ರಚಿಸುವ ಹಂಬಲ ಹುಟ್ಟಿತು. ಹಿಂದುಸ್ತಾನಿ ಖಯಾಲಿನ ಚೀಜನ್ನು, ಅಂದರೆ ರಾಗದಲ್ಲಿ ಕೂಡಿಸಿದ ಪುಟ್ಟ ಪದ್ಯವನ್ನು, ಕನ್ನಡದಲ್ಲಿಯೇ ಕಟ್ಟಬೇಕೆಂಬುದು ಅವರ ಛಲ. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಬಂದಿದ್ದ ನನಗೂ ಅದೇ ಕನಸು. ಊರಿನ ವೃದ್ಧ ಗವಾಯಿಗಳೊಬ್ಬರು ಮಾತ್ರ, "ಖಯಾಲಿನ್ಯಾಗ ಕನ್ನಡ ಕೂಡೂದಿಲ್ಲ. ಕೂಡಿದ್ರ ತೋರಸ್ರಿ, ನಮ್ಮ ಹುಡುಗರಿಗಿ ಕಲಿಸ್ತೀನಿ" ಎಂದು ಸವಾಲು ಹಾಕಿದ್ದರು.

೧. ತಂಬೂರಿಯ ತಪಾಸಣೆ

ಮಿರಜದಿಂದ ತಂಬೂರಿ ಬಂದಿತು. ತಂದವನೆದುರೇ ನಾಕೇದಾರರು ಅದರ ಬುರುಡೆಯನ್ನು ಬಡಿದು ನೋಡಿದರು.

"ಒಳಗ ಏನೈತಿ?"

"ಏನೂ ಇಲ್ರಿ ಸಾಹೇಬ್ರ, ಪೊಳ್ಳ ಐತಿ."

"ಏನೂ ಇಲ್ಲದ್ದಕ್ಕ ಇಷ್ಟು ದಪ್ಪ ಹೊಟ್ಟಿ ಯಾಕ?"

ಕಿವಿಯಿಟ್ಟು ಆಲಿಸಿದರು, ತಲೆಕೆಳಗು ಮಾಡಿ ಅಲುಗಾಡಿಸಿದರು. ಸಲಾಕಿ ಹುಡುಕತೊಡಗಿದಾಗ ಆ ಬಡಪಾಯಿ ತಂಬೂರಿಯನ್ನು ಅಪ್ಪಿಕೊಂಡು ನಿಂತ. ಒಳಗಿನಿಂದ ಅವರ ಮನೆಯವರ ದನಿ ಬಂತು: "ಅಲ್ರೀ, ತುಪ್ಪ ಸಿಕ್ಕರ ಇತ್ತ ಕೊಡ್ರಿ, ಹೋಳಿಗಿಗಿ ಬೇಕಾಗೇತಿ!"

೨. ಸಜ್ಜನರ ಸಾಲಿನಲ್ಲಿ ನಾನು

ಧಾಟಿ ನಾಕೇದಾರರದು, ಸಾಹಿತ್ಯ ಬರೆಯುವ ಹೊಣೆ ನನ್ನದಾಯಿತು. ಉಸ್ತಾದರು ತಮ್ಮ ಚೀಜುಗಳನ್ನು ಹೆತ್ತ ಮಕ್ಕಳಿಗೂ ಪೂರ್ತಿ ಬಿಟ್ಟುಕೊಡುವುದಿಲ್ಲವೆಂದು ನಾಕೇದಾರರು ಕೇಳಿದ್ದರು. ಆದ್ದರಿಂದ ಮೊದಲ ಭಾಗವಾದ ಸ್ಥಾಯಿಯನ್ನಷ್ಟೇ ಹಾಡಿ, ಎರಡನೆಯ ಭಾಗವಾದ ಅಂತರಾ ಬಂದೊಡನೆ ಬಾಯಿಗೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡರು.

"ಕಾಕಾ, ಧಾಟಿ ಕೇಳದ ಮಾತು ಹೆಂಗ ಹೊಂದಸ್ಲಿ?"

"ಅಳತಿ ಹೇಳ್ತೀನಿ, ಬರಿ. ಮಾಲು ತೋರಸೂದಿಲ್ಲ."

"ನನ್ನ ಮ್ಯಾಲೂ ಸಂಶಯ ಏನ್ರಿ?"

"ಛೇ, ಇಲ್ಲೋ ತಮ್ಮಾ. ನೀ ಬಾಳ ಸಜ್ಜನ ಅದಿ. ನಾಕಾದಾಗ ಸಿಕ್ಕಬಿದ್ದವರೆಲ್ಲಾರೂ ಸಜ್ಜನರ ಇದ್ರು!"

೩. ಇಟ್ಟಂಗಿಹಾಳದ ಹೊಲ

ಅವರ ಮನೆಯೆದುರಿನ ಬೇವಿನಡಿ ಟಾಂಗಾ ನಿಲ್ಲಿಸುವವನು ಕುದುರೆಗೆ ಮೇವು ಹಾಕುತ್ತ ಏನನ್ನೋ ಗುನುಗಿದ. ಚೀಜಿನ ಕಳ್ಳ ಇವನೇ ಎಂದು ನಿರ್ಧರಿಸಿದ ನಾಕೇದಾರರು ಮರುದಿನವೇ ತಮ್ಮ ಹಾಡಿನ ಸಾಧನೆಯನ್ನು ಇಟ್ಟಂಗಿಹಾಳದ ಹೊಲಗಳತ್ತ ಸಾಗಿಸಿದರು. ಬದುವಿನ ಮೇಲೆ ನಿಂತು, ಜೋಳದ ರಾಶಿಯನ್ನೇ ನೋಡುತ್ತ, ತುಟಿಯಲ್ಲಿ ಹಾಡಿಕೊಳ್ಳುತ್ತ, ಬೆರಳಿನಲ್ಲಿ ತಾಳ ಎಣಿಸುತ್ತಿದ್ದರು. ರೈತನೊಬ್ಬ ಓಡಿಬಂದು ಚೀಲಗಳಿಗೆ ಅಡ್ಡ ನಿಂತ.

"ಏನ ಎಣಸಾಕತ್ತೀರಿ, ಯಪ್ಪಾ?"

ನಾಕೇದಾರರು ತಿರುಗಿದರು. ಮುಖ ಕಂಡೊಡನೆ ಆತನಿಗೆ ಗುರುತು ಹತ್ತಿತು. ಹಿಂದಿದ್ದ ಹೆಂಡತಿಗೆ ಕೂಗಿ ಹೇಳಿದ: "ತುಪ್ಪದ ಗಡಗಿ ಮುಚ್ಚ ಬೇ! ನಾಕಾ ಹೊಲದ ತನಕಾ ಬಂದೈತಿ!"

೪. ಅಂತರಾ

ಗತ್ಯಂತರವಿಲ್ಲದೆ ಅಭ್ಯಾಸ ಮರಳಿ ಮನೆಯೊಳಗೆ, ಮುಚ್ಚಿದ ಬಾಗಿಲ ಹಿಂದೆ ಸಾಗಿತು. ಚಕ್ಕಡಿ ನಿಲ್ಲಿಸಲು ಪಳಗಿದ ಆ ಕಂಠಕ್ಕೆ ಬಾಗಿಲು ಯಾವ ಲೆಕ್ಕವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಪರೀಕ್ಷೆಗೆಂದು ಗವಾಯಿಗಳು ತಬಲಾದವನೊಂದಿಗೆ ಬಂದರು. ಬಿರುಬೇಸಿಗೆಯ ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿ, ತಬಲಾದವನ ಚೀಲವನ್ನೂ ತಡವಿ ನೋಡಿ ನಾಕೇದಾರರು ಹಾಡಲು ಕುಳಿತರು. ಸ್ಥಾಯಿಯಲ್ಲಿ ಕನ್ನಡ ಸೊಗಸಾಗಿ ಕೂಡಿತು. ಗವಾಯಿಗಳ ತಲೆ ತೂಗಿತು. ಅಂತರಾ ಎತ್ತಬೇಕು, ನಾಕೇದಾರರ ಬಾಯಿ ತೆರೆದೇ ಉಳಿಯಿತು. ಧಾಟಿ ಮರೆತಿತ್ತು! ನಾನು ಮಾತುಗಳನ್ನು ಪಿಸುಗುಟ್ಟಿದೆ. ಹಾಡಿ ತೋರಿಸುವ ಕಂಠ ನನಗಿಲ್ಲ. ಗವಾಯಿಗಳು ಎದ್ದುಹೋಗಲು ಕೋಲಿಗೆ ಕೈ ಹಾಕಿದರು. ನಮ್ಮ ಕನ್ನಡ ಖಯಾಲು ಅಲ್ಲಿಗೆ ಮುಗಿಯಿತೆಂದು ನಾನು ತಲೆತಗ್ಗಿಸಿದೆ.

ಆಗ ಬೇವಿನ ಕೆಳಗಿನಿಂದ ಟಾಂಗಾದವನು ಅಂತರಾ ಎತ್ತಿಕೊಂಡ. ಮಾತು ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಅಡುಗೆಮನೆಯಿಂದ ಮನೆಯವರು ದನಿಗೂಡಿಸಿದರು. ಕಟ್ಟೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಹೆಂಗಸರು ಮುಂದುವರಿಸಿದರು.

"ಭಲೇ!" ಎಂದರು ಗವಾಯಿಗಳು. "ಇಡೀ ಓಣಿನ ಹಾಡಾಕತ್ತೈತಿ. ನೀವು ಗೆದ್ರಿ, ನಾಕೇದಾರ್ರ. ನಾಳಿಂದ ನಮ್ಮ ಹುಡುಗರಿಗೂ ಕಲಿಸ್ತೀನಿ."

ನಾಕೇದಾರರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಎದ್ದು ಕಿಟಕಿ ತೆರೆದು, ಓಣಿಯತ್ತ ಬೆರಳು ಚಾಚಿ, ನಾಕೆಯ ದನಿಯಲ್ಲಿ ಗುಡುಗಿದರು: "ನೋಡ್ರಿ, ಮಾಲು ಸಮೇತ ಸಿಕ್ಕಾರ! ಕದ್ದಾರ, ಕದ್ದಾರ ಅಂತ ನಾ ಮೊದಲಿಂದ ಹೇಳಾಕತ್ತಿದ್ನೋ ಇಲ್ಲೋ?"